ಪುರಸಭೆ ಸದಸ್ಯರಿಗೆ ಕಾಮಗಾರಿ ಮತ್ತು ಸಭೆಯ ವಿಷಯ ಮೊದಲೇ ಮುಟ್ಟಿಸುವುದು ಹೇಗೆ?

ಪುರಸಭೆಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿ ಈಚೆಗೆ ಸೇರಿದ್ದೀರಿ, ಸಭೆಯ ನೋಟಿಸ್, ಅಜೆಂಡಾ ನೋಡುವ ಸಭಾ ಶಾಖೆ ನಿಮ್ಮ ಪಾಲಿಗೆ ಬಂದಿದೆ. ಎರಡು ಸಭೆಯಲ್ಲೂ ಸದಸ್ಯರು "ನಮಗೆ ಯಾರೂ ಏನೂ ಹೇಳುವುದಿಲ್ಲ" ಎಂದು ಗಲಾಟೆ ಮಾಡಿದ್ದಾರೆ. ನಿಯಮದಂತೆ ನೋಟಿಸ್ ಕೊಟ್ಟಿದ್ದರೂ ಹೀಗೇಕೆ, ಮುಂದಿನ ಸಭೆಗೆ ಇರುವ ಮೂರು ವಾರದಲ್ಲಿ ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಇದೇ ಶಾಖೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಊರಿನ ಹೆಸರು ಬೇಡ. 23 ವಾರ್ಡಿನ ಪುರಸಭೆ ಎಂದರೆ ನಿಮಗೆ ಅಂದಾಜು ಸಿಗುತ್ತದೆ.

ಮೊದಲು ಒಂದು ಪ್ರಸಂಗ ಹೇಳುತ್ತೇನೆ. ಒಂದು ಬೆಳಿಗ್ಗೆ ಒಂದು ವಾರ್ಡಿನಲ್ಲಿ ಹೊಸ ಕಾಂಕ್ರೀಟ್ ರಸ್ತೆಯನ್ನು ಜೆಸಿಬಿ ತಂದು ಒಡೆಯತೊಡಗಿದರು. ಕುಡಿಯುವ ನೀರಿನ ಪೈಪ್ ಹಾಕುವ ಕೆಲಸ. ನಮ್ಮ ಕಚೇರಿಯದ್ದಲ್ಲ, ಬೇರೆ ಇಲಾಖೆಯದು. ಆ ವಾರ್ಡಿನ ಸದಸ್ಯರು ನಲ್ಲಿ ಹತ್ತಿರ ನಿಂತಿದ್ದಾಗ ಒಬ್ಬ ಅಜ್ಜಿ ಕೇಳಿದಳಂತೆ, "ಮೊನ್ನೆ ಹಾಕಿದ ರಸ್ತೆ ಇವತ್ತು ಯಾಕಪ್ಪಾ ಒಡೀತಾರೆ?" ಅವರಿಗೆ ಗೊತ್ತಿರಲಿಲ್ಲ. ಕೆಲಸ ಶುರುವಾಗುವ ಪತ್ರ ಒಂಬತ್ತು ದಿನ ಮುಂಚೆಯೇ ನಮ್ಮ ಟಪಾಲಿಗೆ ಬಂದಿತ್ತು. ಎಂಜಿನಿಯರ್ ಶಾಖೆಯ ಕಡತದಲ್ಲಿ ಕೂತಿತ್ತು. ಮುಂದಿನ ಸಭೆಯಲ್ಲಿ ಆ ಸದಸ್ಯರು ಅಜೆಂಡಾ ಹರಿದು ಅಧ್ಯಕ್ಷರ ಮೇಜಿನ ಮುಂದೆ ನೆಲದ ಮೇಲೆ ಕೂತರು. ಸಭೆ ಮುಂದೂಡಬೇಕಾಯಿತು.

ಸಂಜೆ ನಾನೇ ಅವರ ಮನೆಗೆ ಹೋದೆ. ಟೀ ಕೊಟ್ಟು ಹೇಳಿದರು: "ಸಾರ್, ನೀರಿನ ಕೆಲಸ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಓಟು ಹಾಕಿದ ಹೆಂಗಸು ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಯಿತಲ್ಲ."

ಅವತ್ತಿನಿಂದ ನನಗೆ ಇದ್ದದ್ದು ಒಂದೇ ಅಳತೆ. ವಾರ್ಡಿಗೆ ಜೆಸಿಬಿ ಹೋಗುವ ಮುಂಚೆ ಸದಸ್ಯರಿಗೆ ಸುದ್ದಿ ಹೋಗಿರಬೇಕು. ನೀವು ಕೊಟ್ಟ ನೋಟಿಸಿನಲ್ಲಿ ಸಭೆ ಯಾವಾಗ ಎಂದಿರುತ್ತದೆ. ಜನ ಅವರನ್ನು ಕೇಳುವುದು ಸಭೆಯ ವಿಷಯವಲ್ಲ. ನೀರು ಯಾವಾಗ, ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ, ಬೀದಿದೀಪ ಯಾವಾಗ, ಇದನ್ನು ಕೇಳುತ್ತಾರೆ. ಸದಸ್ಯರ ಕೋಪ ಹುಟ್ಟುವುದು ಅಲ್ಲಿ. ಸಭೆಯಲ್ಲಿ ಅದು ಹೊರಗೆ ಬರುತ್ತದೆ ಅಷ್ಟೇ.

ಹಾಗಾಗಿ ನಾನು ವಾರದ ಚೀಟಿ ಶುರು ಮಾಡಿದೆ. ಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಎಲ್ಲ ಸದಸ್ಯರಿಗೂ ಒಂದೇ ಹಾಳೆಯ ಸುದ್ದಿ. ಶನಿವಾರ ಸಂಜೆ ನಮ್ಮ ಜೆಇ (ಕಿರಿಯ ಎಂಜಿನಿಯರ್), ಆರೋಗ್ಯ ನಿರೀಕ್ಷಕರು, ನೀರು ಸರಬರಾಜು ನೋಡುವವರು, ಮೂವರ ಹತ್ತಿರವೂ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಮುಂದಿನ ವಾರ ಯಾವ ಬೀದಿಯಲ್ಲಿ ಜನಕ್ಕೆ ಕಾಣುವಂಥ ಕೆಲಸ ಇದೆ?" ಇದನ್ನು ಕೂತು ಕೇಳಬೇಕು. ಮೆಮೊ ಕಳಿಸಿದರೆ ಬರುವುದು "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಉತ್ತರ. ಆ ಮಾತಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನನ್ನ ಚೀಟಿಯಲ್ಲಿ ಆ ಪದವನ್ನೇ ಬಿಟ್ಟಿದ್ದೆ. ಬದಲಿಗೆ ಹೀಗೆ ಬರೆಯುತ್ತಿದ್ದೆ: "ವಾರ್ಡ್ 9, ದೇವಸ್ಥಾನದ ಹಿಂದಿನ ಚರಂಡಿ. 120 ಮೀಟರಿನಲ್ಲಿ 70 ಆಗಿದೆ. ಕಲ್ಲು ಬಂದಿದ್ದರಿಂದ ನಿಂತಿದೆ. ಬುಧವಾರ ಬ್ರೇಕರ್ ಬರುತ್ತದೆ. ಎರಡು ದಿನ ಆ ಬೀದಿಯಲ್ಲಿ ಗಾಡಿ ಹೋಗುವುದಿಲ್ಲ." ಟೆಂಡರ್ ವಿಷಯವೂ ಹಾಗೇ. "ಟೆಂಡರ್ ಹಂತದಲ್ಲಿದೆ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. "ಟೆಂಡರ್ ಕರೆದಿದ್ದೆವು, ಯಾರೂ ಹಾಕಲಿಲ್ಲ, ಮತ್ತೆ ಕರೆಯುತ್ತೇವೆ" ಎಂದು ಬರೆಯಿರಿ. ಸದಸ್ಯರು ಅದನ್ನೇ ಜನರಿಗೆ ಹೇಳಬಹುದು. ನಿಜ ಕಾರಣ ಹೇಳಿದರೆ ಜನ ಒಪ್ಪುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಬೇರೆ ಇಲಾಖೆಯ ಕೆಲಸಗಳನ್ನು ಚೀಟಿಯಿಂದ ಬಿಡಲೇಬೇಡಿ. ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ವಿದ್ಯುತ್ ಕಂಪನಿ, ಲೋಕೋಪಯೋಗಿ ಇಲಾಖೆ, ಗ್ಯಾಸ್ ಪೈಪಿನವರು, ಮೊಬೈಲ್ ಕೇಬಲ್ ಎಳೆಯುವವರು, ಎಲ್ಲರೂ ನಮ್ಮ ರಸ್ತೆಯನ್ನೇ ಅಗೆಯುತ್ತಾರೆ. ಊರುಗಳ ನೀರು ಪೂರೈಕೆಗೆ ಕೇಂದ್ರ ಸರ್ಕಾರ ತಂದ ಅಮೃತ್ 2.0 ಯೋಜನೆ 2021ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ಸಣ್ಣ ಊರುಗಳಲ್ಲೂ ನೀರಿನ ಕಾಮಗಾರಿ ಜಾಸ್ತಿಯಾಗಿದೆ. ಯಾರ ಕೆಲಸವಾದರೂ ಜನ ಬೈಯುವುದು ವಾರ್ಡಿನ ಸದಸ್ಯರನ್ನೇ, ಅಲ್ವಾ? ಆ ಇಲಾಖೆಗಳ ಸ್ಥಳೀಯ ಎಂಜಿನಿಯರುಗಳ ನಂಬರ್ ನಿಮ್ಮ ಹತ್ತಿರ ಇರಲಿ. ಟಪಾಲು ಶಾಖೆಯವರಿಗೂ ಒಂದು ಮಾತು ಹೇಳಿಡಿ: ರಸ್ತೆ ಅಗೆತ, ನೀರು ನಿಲ್ಲಿಸುವುದು, ಕರೆಂಟ್ ತೆಗೆಯುವುದು, ಈ ಮೂರರ ಪತ್ರ ಬಂದರೆ ಒಂದು ಪ್ರತಿ ಸಭಾ ಶಾಖೆಗೂ ಬರಬೇಕು. ನಮ್ಮಲ್ಲಿ ಆ ಒಂಬತ್ತು ದಿನ ಹಾಳಾಗಿದ್ದು ಇದೊಂದು ವ್ಯವಸ್ಥೆ ಇಲ್ಲದ್ದಕ್ಕೆ.

ಈಗ ಸಭೆಯ ನೋಟಿಸ್. ನಮ್ಮದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ನೋಟಿಸಿಗೆ ಅದರಲ್ಲೇ ಮುದ್ದತು ಇದೆ, ಸಾಮಾನ್ಯ ಸಭೆಗೆ ಒಂದು ಲೆಕ್ಕ, ವಿಶೇಷ ಸಭೆಗೆ ಇನ್ನೊಂದು. ಹೊಸಬರು ತಪ್ಪುವುದು "ಪೂರ್ಣ ದಿನ" ಎಂಬ ಮಾತಿನಲ್ಲಿ. ನೋಟಿಸ್ ಕೊಟ್ಟ ದಿನವೂ ಸಭೆಯ ದಿನವೂ ಲೆಕ್ಕಕ್ಕೆ ಬರುವುದಿಲ್ಲ. ಏಳು ಪೂರ್ಣ ದಿನ ಬೇಕು, ಸಭೆ 20ನೇ ತಾರೀಕು ಎಂದಿಟ್ಟುಕೊಳ್ಳಿ. 13ರಿಂದ 19ರವರೆಗೆ ಏಳು ದಿನ ಮಧ್ಯೆ ಸಿಗಬೇಕು. ಅಂದರೆ 12ರೊಳಗೆ ನೋಟಿಸ್ ಎಲ್ಲರ ಕೈ ಸೇರಿರಬೇಕು. ಜಾವಕ್ ಪುಸ್ತಕದಲ್ಲಿ (ಹೊರಗೆ ಹೋಗುವ ಪತ್ರ ದಾಖಲಿಸುವ ಪುಸ್ತಕ) 12 ಎಂದು ಬರೆದು 14ಕ್ಕೆ ಮನೆಗೆ ಮುಟ್ಟಿಸಿದರೆ ಯಾರಾದರೂ ಕೋರ್ಟಿಗೆ ಹೋದ ದಿನ ಸಭೆಯ ಠರಾವೇ (ನಿರ್ಣಯವೇ) ಬಿದ್ದುಹೋಗುವ ಅಪಾಯ ಇದೆ. ನಾಮನಿರ್ದೇಶಿತ ಸದಸ್ಯರಿಗೆ, ಶಾಸಕರಿಗೆ, ಸಂಸದರಿಗೆ ಹೋಗುವ ಪ್ರತಿಗಳನ್ನೂ ಅದೇ ದಿನ ಮುಗಿಸಿಬಿಡಿ.

ಮಹಿಳಾ ಸದಸ್ಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಟೆಂಡರ್ ನೋಟಿಸ್ ತಗೊಂಡು ಹೋದರೆ ಬಾಗಿಲಲ್ಲಿ ಗಂಡ ಅಥವಾ ಮಗ ಸಹಿ ಹಾಕಿ ಇಸಿದುಕೊಳ್ಳುತ್ತಿದ್ದರು. ಫೋನ್ ಮಾಡಿದರೂ ಎತ್ತುವುದು ಅವರೇ. ಕಚೇರಿಯ ಪಟ್ಟಿಯಲ್ಲಿ ಸದಸ್ಯೆಯ ಹೆಸರಿನ ಮುಂದೆ ಇದ್ದದ್ದು ಗಂಡನ ನಂಬರ್! ಅದನ್ನು ನಾನು ತಿದ್ದಿದೆ. ಒಬ್ಬೊಬ್ಬರನ್ನೂ ಸಭೆ ಮುಗಿದ ಮೇಲೆ ಮಾತಾಡಿಸಿ, "ಅಮ್ಮಾ, ನಿಮ್ಮ ಸ್ವಂತ ನಂಬರ್ ಕೊಡಿ, ವಾರ್ಡಿನ ವಿಷಯ ನಿಮಗೇ ಹೇಳಬೇಕು" ಎಂದು ಕೇಳಿ ಬರೆದುಕೊಂಡೆ. ಚೀಟಿಯನ್ನು ಓದಿ ಧ್ವನಿ ಸಂದೇಶ ಮಾಡಿ ಕಳಿಸತೊಡಗಿದೆ. ಇಬ್ಬರಿಗೆ ಓದು ಬರುತ್ತಿದ್ದುದು ಕಷ್ಟದಲ್ಲಿ. ಆರೇಳು ತಿಂಗಳಾದ ಮೇಲೆ ಅವರಲ್ಲೊಬ್ಬರು ಸಭೆಯಲ್ಲಿ ಎದ್ದು ನಿಂತು, "ಹೋದ ತಿಂಗಳು ಶೌಚಾಲಯದ ರಿಪೇರಿಗೆ ಎರಡು ವಾರ ಅಂದಿದ್ದಿರಿ, ಐದು ವಾರ ಆಯಿತು" ಎಂದು ಕೇಳಿದರು. ಮೂರು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು. ಉತ್ತರ ಹೇಳಬೇಕಾದವರು ನಮ್ಮವರೇ ಆದರೂ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ.

ಅಜೆಂಡಾ ಹೇಗೆ ಬರೆಯುತ್ತೀರಿ ಎಂಬುದೂ ಮುಖ್ಯ. ಸಾಮಾನ್ಯವಾಗಿ ಇರುವುದು ಹೀಗೆ: ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು, ಜಮಾ ಖರ್ಚು ಮಂಜೂರಾತಿ, ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆ (ಆ ದುಡ್ಡಿನಲ್ಲಿ ಮಾಡುವ ಕೆಲಸಗಳ ಪಟ್ಟಿ) ಬಗ್ಗೆ ಚರ್ಚೆ, ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು". ಇಂಥ ಒಂದು ಸಾಲಿನಿಂದ ಸದಸ್ಯರಿಗೆ ಏನು ತಿಳಿಯುತ್ತದೆ? ಪ್ರತಿ ವಿಷಯಕ್ಕೂ ನಾಲ್ಕೈದು ಸಾಲಿನ ಟಿಪ್ಪಣಿ ಬರೆಯಿರಿ. ಎಷ್ಟು ದುಡ್ಡು, ಯಾವ ಲೆಕ್ಕಶೀರ್ಷಿಕೆಯದು (ಬಜೆಟ್ಟಿನ ಯಾವ ಬಾಬ್ತು), ಯಾವ ವಾರ್ಡಿಗೆ, ಸಭೆ ಒಪ್ಪದಿದ್ದರೆ ಏನಾಗುತ್ತದೆ, ಕೊನೆಯ ದಿನ ಇದೆಯಾ. ಕ್ರಿಯಾ ಯೋಜನೆಯಾದರೆ ವಾರ್ಡುವಾರು ಪಟ್ಟಿ ಲಗತ್ತಿಸಲೇಬೇಕು. ಪಟ್ಟಿ ಸಭೆಯಲ್ಲೇ ಹಂಚಿದರೆ ಮೊದಲು ಎಲ್ಲರೂ ತಮ್ಮ ವಾರ್ಡಿನ ಮೊತ್ತ ಹುಡುಕುತ್ತಾರೆ, ಆಮೇಲೆ ಜಗಳ, ಅಲ್ಲಿಗೆ ಮಧ್ಯಾಹ್ನ ಮುಗಿಯಿತು.

ಘಟನೋತ್ತರ ಮಂಜೂರಾತಿಯ ವಿಷಯಗಳಲ್ಲಂತೂ ಇನ್ನೂ ಹುಷಾರಾಗಿರಿ. ಖರ್ಚು ಮಾಡಿದ ಮೇಲೆ ಸಭೆಯ ಒಪ್ಪಿಗೆ ಕೇಳುವುದು ಕೆಲವೊಮ್ಮೆ ಅನಿವಾರ್ಯ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟರೆ ಸಭೆ ಕರೆಯುತ್ತ ಕೂರಲು ಆಗುವುದಿಲ್ಲ. ಆದರೆ ಆ ಖರ್ಚು ಮಾಡಿದ ವಾರವೇ ಚೀಟಿಯಲ್ಲಿ ಒಂದು ಸಾಲು ಬಂದಿರಬೇಕು. ಆಗ ಸಭೆಯಲ್ಲಿ ಅದು ಎರಡು ನಿಮಿಷದ ವಿಷಯ. ಮೊದಲ ಸಲ ಅಜೆಂಡಾದಲ್ಲೇ ನೋಡಿದರೆ ಅವರಿಗೆ ಅನುಮಾನ ಬರುವುದು ಸಹಜ, ಅದನ್ನು ತಪ್ಪು ಎನ್ನಲಾರೆ.

ವಾಟ್ಸಾಪ್ ಗುಂಪು ಸಾಕಲ್ವಾ ಎಂದೂ ಕೇಳಿದ್ದೀರಿ. ಗುಂಪು ಇರಲಿ, ಆದರೆ ಕಚೇರಿ ಮಾತ್ರ ಹಾಕುವಂತೆ ಸೆಟ್ಟಿಂಗ್ ಮಾಡಿ. ನಮ್ಮ ಮೊದಲ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ, ಪಕ್ಷದ ಪೋಸ್ಟರ್ ತುಂಬಿ ನೀರಿನ ಸುದ್ದಿ ಯಾರ ಕಣ್ಣಿಗೂ ಬೀಳಲಿಲ್ಲ. ಸಭೆಯ ನೋಟಿಸಿಗೆ ವಾಟ್ಸಾಪನ್ನೇ ನಂಬಿ ಕೂರಬೇಡಿ. ಕಾಗದ, ಸಹಿ, ತಾರೀಕು ಬೇಕೇ ಬೇಕು.

ಇನ್ನೊಂದು, ಆಡಳಿತ ಪಕ್ಷ, ವಿರೋಧ ಪಕ್ಷ, ಪಕ್ಷೇತರ ಎಂಬ ಭೇದ ಚೀಟಿಗೆ ಇರಬಾರದು. ಎಲ್ಲರಿಗೂ ಒಂದೇ ಹೊತ್ತಿಗೆ ಹೋಗಬೇಕು. "ಅಧ್ಯಕ್ಷರಿಗೆ ಮೊದಲು ತೋರಿಸಿ, ಆಮೇಲೆ ನೋಡೋಣ" ಎಂದು ನನಗೂ ಒಮ್ಮೆ ಹೇಳಿದರು. ಮುಖ್ಯಾಧಿಕಾರಿಗಳ ಸಹಿ ಆದ ಮೇಲೆ ಎಲ್ಲರಿಗೂ ಒಟ್ಟಿಗೇ ಕಳಿಸುತ್ತೇನೆ ಎಂದೆ. ಒಂದು ವಾರ ಮುನಿಸಿತ್ತು, ಆಮೇಲೆ ಸರಿಹೋಯಿತು. ಮುಖ್ಯಾಧಿಕಾರಿಗಳ ಒಪ್ಪಿಗೆ ಇಲ್ಲದೆ ಮಾತ್ರ ಒಂದು ಹಾಳೆಯನ್ನೂ ಹೊರಗೆ ಬಿಡಬೇಡಿ. ತೆರೆಯದ ಟೆಂಡರಿನ ಒಳಗಿನ ವಿಷಯ ಯಾರು ಕೇಳಿದರೂ ಕೊಡಬಾರದು.

ಕೌನ್ಸಿಲ್ ಸಭೆಯೇ ನಡೆಯದ ಕಾಲವೂ ಬರುತ್ತದೆ. 2018ರ ಆಗಸ್ಟ್ ಕೊನೆಗೆ ರಾಜ್ಯದ ಬಹಳಷ್ಟು ಊರುಗಳಲ್ಲಿ ಚುನಾವಣೆ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವಿಚಾರ ಕೋರ್ಟಿಗೆ ಹೋಗಿ, ಹೆಚ್ಚಿನ ಕಡೆ 2020ರ ಕೊನೆಯ ತಿಂಗಳುಗಳವರೆಗೆ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳೇ ನಡೆಸಿದರು. ಗೆದ್ದವರು ಎರಡು ವರ್ಷ ಸಭೆಯಿಲ್ಲದೆ ಮನೆಯಲ್ಲಿ ಕೂತಿದ್ದರು. ಜನ ಮಾತ್ರ ಅವರ ಬಾಗಿಲು ಬಡಿಯುತ್ತಲೇ ಇದ್ದರು. ಅಧಿಕಾರ ಇರಲಿಲ್ಲ ನಿಜ, ಸುದ್ದಿಯಾದರೂ ಇರಲಿ ಎಂದು ನಾವು ಆಗಲೂ ಚೀಟಿ ಕಳಿಸಿದೆವು. ಕೊರೋನಾ ಶುರುವಾದಾಗ ಅದೇ ಕೈ ಹಿಡಿಯಿತು. ಯಾವ ಬೀದಿ ಸೀಲ್‌ಡೌನ್, ತರಕಾರಿ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಮನೆಮನೆಗೆ ಗೊತ್ತಾಗುತ್ತಿತ್ತು. ಮುಟ್ಟಿಸುತ್ತಿದ್ದವರು ಆ ಸದಸ್ಯರೇ.

ಸಭೆ ಆದ ಮೇಲೆ ಅನುಪಾಲನಾ ವರದಿ. ಹೋದ ಸಭೆಯ ಒಂದೊಂದು ಠರಾವಿನ ಮುಂದೆ ಏನಾಯಿತು, ಯಾರ ಮೇಜಿನ ಮೇಲಿದೆ ಎಂದು ಬರೆದು ಮುಂದಿನ ನೋಟಿಸಿನ ಜೊತೆಗೇ ಕೊಡಿ. ಆಗದ್ದನ್ನು ಆಗಿಲ್ಲ ಎಂದೇ ಬರೆಯಿರಿ.

ನಿಮಗಿರುವ ಮೂರು ವಾರದಲ್ಲಿ ಇಷ್ಟೂ ಆಗುವುದಿಲ್ಲ. ನಿಮ್ಮಲ್ಲಿ ಸದಸ್ಯರು 23 ಜನ ಇರಲಿ 27 ಜನ ಇರಲಿ, ಈ ವಾರ ಎಲ್ಲರ ಫೋನ್ ನಂಬರ್ ಸರಿಮಾಡಿಕೊಳ್ಳಿ. ಸಭೆಯಲ್ಲಿ ಜಾಸ್ತಿ ಕೂಗಿದ ಇಬ್ಬರ ಮನೆಗೆ ಸುಮ್ನೆ ಒಮ್ಮೆ ಹೋಗಿ ಬನ್ನಿ. ಯಾವ ಬೀದಿಯಲ್ಲಿ ಯಾರು ಏನು ಕೇಳಿದರು ಎಂದು ವಿಚಾರಿಸಿ, ಬರೆದುಕೊಳ್ಳಿ. ಶನಿವಾರ ಜೆಇ ಹತ್ತಿರ ಕೂತು ಅದಕ್ಕೆ ಉತ್ತರ ತಗೊಳ್ಳಿ. ಮೊದಲ ಚೀಟಿಯಲ್ಲಿ ಮೂರೇ ಕಾಮಗಾರಿ ಇದ್ದರೂ ಪರವಾಗಿಲ್ಲ, ಸೋಮವಾರ ಕಳಿಸಿಬಿಡಿ. ಅಜೆಂಡಾ ಟಿಪ್ಪಣಿ ಬರೆಯುವಾಗ ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ, ನೋಡಿದ ಕೂಡಲೇ ಉತ್ತರಿಸುತ್ತೇನೆ.