ಒಂದು ವರ್ಷ ದೇಶ ದೇಶ ಸುತ್ತೋಕೆ 7 ಕೆಜಿ ಬ್ಯಾಗ್ ಸಾಕಾಗುತ್ತಾ?

ಸಾಕು. ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಅನ್ನೋದರ ಮೇಲೆ ಬಟ್ಟೆಯ ಲೆಕ್ಕ ನಿಂತಿದೆ. ಮೂರು ದಿನಕ್ಕೊಮ್ಮೆ ಒಗೆದರೆ ನಾಲ್ಕು ಜೊತೆ ಸಾಕು, ಪ್ರಯಾಣ ತಿಂಗಳಾದರೂ ಅಷ್ಟೇ, ವರ್ಷವಾದರೂ ಅಷ್ಟೇ.

ಆದರೆ ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಿರಬೇಕು ಅಲ್ವಾ? ಶಿರಸಿ ಕಡೆಯವರಿಗೆ ಇದು ಗೊತ್ತಿರುವ ಕಷ್ಟವೇ, ಆಷಾಢದ ಮಳೆಯಲ್ಲಿ ಜೀನ್ಸ್ ಪ್ಯಾಂಟನ್ನು ಬಚ್ಚಲ ಒಲೆಯ ಮೇಲೆ ಒಣಹಾಕಿದರೂ ಸೊಂಟದ ಪಟ್ಟಿ ಹಸಿಯಾಗೇ ಇರುತ್ತದೆ. ಹತ್ತಿಯ ಎಳೆ ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ಹೀರುವುದು ತೀರಾ ಕಡಿಮೆ, ನೀರು ಎಳೆಗಳ ನಡುವೆ ಮಾತ್ರ ನಿಂತಿರುತ್ತದೆ, ಚೆನ್ನಾಗಿ ಹಿಂಡಿದರೆ ಸುಮಾರು ನೀರು ಹೋಗಿಬಿಡುತ್ತದೆ. ಬೆವರಿನ ವಾಸನೆ ಮಾತ್ರ ಅದಕ್ಕೆ ಬೇಗ ಹಿಡಿಯುತ್ತದೆ. ದುಡ್ಡಿದ್ದರೆ ತೆಳು ಮೆರಿನೊ ಉಣ್ಣೆಯ ಟೀಶರ್ಟ್ ತಗೊಳ್ಳಿ, ವಾಸನೆ ಕಡಿಮೆ. ದಪ್ಪ ಟವೆಲ್ ಬದಲು ನಮ್ಮ ಪಾಣಿಪಂಚೆಯೇ ಒಳ್ಳೆಯದು, ಹತ್ತಿಯಾದರೂ ತೆಳು, ಬೇಗ ಒಣಗುತ್ತದೆ.

ಕಾರವಾರದ ಸೆಕೆಗೆ ಒಗ್ಗಿದವರು ಚಳಿಗೆ ಹೆದರಿ ಸುಮ್ನೆ ದಪ್ಪ ಜಾಕೆಟ್ ತುಂಬಿಕೊಳ್ಳುತ್ತಾರೆ. ಬೆಚ್ಚಗಿಡೋದು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಟೀಶರ್ಟ್ ಮೇಲೆ ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಹಗುರ ಸ್ವೆಟರ್), ಅದರ ಮೇಲೆ ಗಾಳಿ ನುಗ್ಗದಂತೆ ರೇನ್‌ಕೋಟ್ ಹಾಕಿದರೆ ಜಾಸ್ತಿ ಕಡೆ ನಡೆಯುತ್ತದೆ. ಹಿಮ ಬೀಳುವ ಊರಿಗೆ ಹೋದಾಗ ದಪ್ಪ ಜಾಕೆಟ್ ಅಲ್ಲೇ ಬಾಡಿಗೆಗೆ ತಗೊಳ್ಳಿ.

ಸೋಪು, ಪೇಸ್ಟು ಎಲ್ಲ ಕಡೆ ಸಿಗುತ್ತದೆ. ದಿನಾ ತಗೊಳ್ಳುವ ಮಾತ್ರೆ, ಡಾಕ್ಟರ ಚೀಟಿ, ಇನ್ನೊಂದು ಕನ್ನಡಕ ಮಾತ್ರ ಮನೆಯಿಂದಲೇ ಒಯ್ಯಿರಿ.