ಫೋರ್ಟ್ ವಿಲಿಯಂ ಪಟ್ಟಣದ ಗೇಲಿಕ್ ಹೆಸರು ಇಂಗ್ಲಿಷ್ ಹೆಸರಿಗಿಂತ ಬೇರೆಯಾಗಿರುವುದೇಕೆ?

ಸ್ಕಾಟ್ಲೆಂಡಿನಲ್ಲಿ ಬೆನ್ ನೆವಿಸ್ ಪರ್ವತದ ಬುಡದಲ್ಲಿರುವ ಈ ಪಟ್ಟಣದ ಎರಡೂ ಹೆಸರುಗಳು ಒಂದೇ ಕೋಟೆಯಿಂದ ಹುಟ್ಟಿದವು. ಕಟ್ಟಿಸಿದವರು ಅದಕ್ಕೆ ತಮ್ಮ ದೊರೆಯ ಹೆಸರನ್ನಿಟ್ಟರೆ, ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗೇಲಿಕ್ ಆಡುತ್ತಿದ್ದ ಸುತ್ತಲಿನ ಜನರು ದೊರೆಯನ್ನು ಬಿಟ್ಟು ಅಲ್ಲಿ ಬೀಡುಬಿಟ್ಟ ಸೈನ್ಯವನ್ನಷ್ಟೇ ಹೆಸರಿಸಿದರು.

1654ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಆಡಳಿತದಲ್ಲಿ ಇಲ್ಲಿ ಮೊದಲ ಕೋಟೆ ಎದ್ದಿತು. 1690ರಲ್ಲಿ ಜನರಲ್ ಹ್ಯೂ ಮೆಕೈ ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದಾಗ, ಆಗ ಆಳುತ್ತಿದ್ದ ಆರೆಂಜ್‌ನ ವಿಲಿಯಂ ದೊರೆಯ ಹೆಸರು ಕೋಟೆಗೂ, ಅವನ ರಾಣಿ ಮೇರಿಯ ಹೆಸರು ಪಕ್ಕದ ಊರಿಗೂ ಬಂದವು. ಮೇರಿಬರಾ ಎಂಬ ಆ ಊರು, ಜಮೀನಿನ ಒಡೆತನ ಬದಲಾದಂತೆ ಗಾರ್ಡನ್ಸ್‌ಬರಾ, ಡಂಕನ್ಸ್‌ಬರಾ ಎಂದೂ ಕರೆಸಿಕೊಂಡಿತು. ಕೊನೆಗೆ ಉಳಿದದ್ದು ಕೋಟೆಯ ಹೆಸರೇ.

ಗೇಲಿಕ್‌ನಲ್ಲಿ ಊರು 'ಅನ್ ಗೆರಸ್ತನ್', ಅಂದರೆ ಕಾವಲು ಸೈನ್ಯದ ಠಾಣೆ. ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನಲ್ಲಿ ಗೇಲಿಕ್ ಹೆಸರೇ ಮೂಲ, ಇಂಗ್ಲಿಷಿನದು ಅದರ ಅಪಭ್ರಂಶ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಸಲ್ಲದು, ಏಕೆಂದರೆ 'ಗೆರಸ್ತನ್' ಎಂಬುದೇ ಇಂಗ್ಲಿಷಿನ 'ಗ್ಯಾರಿಸನ್' ಪದದ ಗೇಲಿಕ್ ರೂಪ.

ಕೋಟೆಗಿಂತ ಹಳೆಯದಾದ ಹೆಸರು ಬೇಕೆಂದರೆ ಇನ್ವರ್‌ಲಾಕಿಯನ್ನು ನೋಡಬೇಕು. ಗೇಲಿಕ್‌ನ 'ಇನ್ವರ್' ಎಂದರೆ ನದೀಮುಖ. ಲಾಕಿ ನದಿ ಸಮುದ್ರದ ಹಿನ್ನೀರನ್ನು ಸೇರುವ ಈ ಜಾಗದ ಹೆಸರು ಅಲ್ಲಿನ 13ನೇ ಶತಮಾನದ ಹಾಳು ಕೋಟೆಗೂ ಪಟ್ಟಣದ ಒಂದು ಬಡಾವಣೆಗೂ ಈಗಲೂ ಇದೆ.