ಅಳಿಯನಿಗೂ ಮಾತಾಡಲು ಬಿಡಿ

ನಮಸ್ಕಾರ.

ನಿಮ್ಮ ‘ಮೊದಲ ಕಾರಣ’ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಾವು ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ನೀವು ಕೈಬಿಡಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಬರಹದಲ್ಲಿರುವುದು ಹಳ್ಳಿಮನೆಯ ಪಡಸಾಲೆ. ಸೋದರಮಾವ ಉಯ್ಯಾಲೆ ಮಣೆಯ ಮೇಲೆ ಕೂತು ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದಾರೆ. ಬೆಂಗಳೂರಿನಿಂದ ಬಂದ ಅಳಿಯ ಕಂಬಕ್ಕೆ ಒರಗಿದ್ದಾನೆ. ದೇವರಿದ್ದಾನಾ ಅಂತ ಮಾತು ಬರುತ್ತದೆ. ಮಾವ ಮೂರೇ ವಾಕ್ಯ ಹೇಳುತ್ತಾರೆ: “ಇರುವುದಕ್ಕೆಲ್ಲ ಒಂದು ಕಾರಣ ಇದೆ. ಜಗತ್ತಿಗೂ ಇರಲೇಬೇಕು. ಆ ಕಾರಣವೇ ದೇವರು.” ಅಳಿಯ ತಲೆ ತಗ್ಗಿಸುತ್ತಾನೆ. ಅಲ್ಲಿಂದ ಮುಂದೆ ನಾಲ್ಕು ಪುಟ ಬರೀ ಮಾವನ ಉಪದೇಶ.

ಇಂಜಿನಿಯರಿಂಗ್ ಓದಿದ ಹುಡುಗ ಇಷ್ಟು ಬೇಗ ಸುಮ್ಮನಾಗುತ್ತಾನೆ ಅಂದರೆ ನನಗೆ ನಂಬಲು ಆಗಲಿಲ್ಲ. “ಹಾಗಾದ್ರೆ ದೇವರಿಗೆ ಕಾರಣ ಯಾರು ಮಾವ?” ಅಂತ ಹೈಸ್ಕೂಲ್ ಮಕ್ಕಳೂ ಕೇಳುತ್ತಾರೆ. ನಿಮ್ಮ ಅಳಿಯ ಅಷ್ಟನ್ನೂ ಕೇಳುವುದಿಲ್ಲ. ಅವನನ್ನು ಸೋಲಿಸಲಿಕ್ಕೇ ಅಲ್ಲಿ ಕೂರಿಸಿದ್ದೀರಿ. ಅದರಿಂದ ಅವನಿಗಿಂತ ಜಾಸ್ತಿ ಅನ್ಯಾಯ ಆಗಿರುವುದು ಮಾವನಿಗೆ. ಎದುರಾಳಿಯೇ ಇಲ್ಲದ ಕಡೆ ಅವರು ಗೆದ್ದಿದ್ದೂ ಗೆಲುವಲ್ಲ.

ಮೊದಲ ವಾಕ್ಯದಿಂದಲೇ ಶುರು ಮಾಡೋಣ. ‘ಇರುವುದಕ್ಕೆಲ್ಲ ಕಾರಣ ಇದೆ’ ಅಂತ ಈ ವಾದ ಕಟ್ಟಿದ ದೊಡ್ಡವರು ಹೇಳಲೇ ಇಲ್ಲ. ‘ನ್ಯಾಯಕುಸುಮಾಂಜಲಿ’ ಬರೆದ ಹಳೆಯ ತಾರ್ಕಿಕ ಉದಯನಾಚಾರ್ಯ ಹೇಳುವುದು ‘ಕಾರ್ಯ’ದ ಬಗ್ಗೆ, ಅಂದರೆ ಮೊದಲು ಇರದೆ ಆಮೇಲೆ ಆದದ್ದರ ಬಗ್ಗೆ. ಮಡಕೆ ಮೊದಲು ಇರಲಿಲ್ಲ, ಆಮೇಲೆ ಆಯಿತು, ಆದ್ದರಿಂದ ಕುಂಬಾರ ಬೇಕು. ಭೂಮಿಯೂ ಮೊಳಕೆಯೂ ಹಾಗೇ ಆದವು, ಅವಕ್ಕೂ ಒಬ್ಬ ಕರ್ತ ಬೇಕು ಅನ್ನುವುದು ಅವನ ದಾರಿ. ಕನ್ನಡದಲ್ಲಿ ನಮಗೆ ‘ಇರು’ ಬೇರೆ, ‘ಆಗು’ ಬೇರೆ. “ಆದದ್ದಕ್ಕೆಲ್ಲ ಕಾರಣ ಇದೆ” ಅಂತ ಮಾವನ ಬಾಯಲ್ಲಿ ಹೇಳಿಸಿ. ಒಂದೇ ಪದ. ಆಗ ‘ದೇವರಿಗೆ ಕಾರಣ ಯಾರು’ ಅನ್ನುವ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರುತ್ತದೆ: ದೇವರು ಆದವನಲ್ಲ, ಇರುವವನು. ಅಳಿಯ ಇನ್ನೂ ಗಟ್ಟಿಯಾದದ್ದನ್ನು ಹುಡುಕಬೇಕಾಗುತ್ತದೆ: “ಜಗತ್ತು ಆದದ್ದು ಅಂತ ಹೇಗೆ ಗೊತ್ತು? ಅದು ಸುಮ್ನೆ ಇದೆ ಅಂತ ಯಾಕೆ ಅನ್ನಬಾರದು?”

1948ರ ಜನವರಿ 28ರಂದು ಬಿಬಿಸಿ ರೇಡಿಯೊದಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಎದುರಿಗೆ ಫ್ರೆಡರಿಕ್ ಕಾಪಲ್‌ಸ್ಟನ್ ಎಂಬ ಜೆಸ್ಯುಯಿಟ್ ಪಂಗಡದ ಕ್ಯಾಥೊಲಿಕ್ ಪಾದ್ರಿ. ಪ್ರತಿಯೊಬ್ಬ ಮನುಷ್ಯನಿಗೂ ತಾಯಿ ಇದ್ದಾಳೆ, ಹಾಗಂತ ಇಡೀ ಮನುಷ್ಯಕುಲಕ್ಕೇ ಒಬ್ಬ ತಾಯಿ ಇದ್ದಾಳೆ ಅನ್ನಲಾಗುತ್ತದಾ ಅಂತ ರಸೆಲ್ ಕೇಳಿದ. ಕಾಪಲ್‌ಸ್ಟನ್ ಬಿಡಲಿಲ್ಲ. ಚದುರಂಗದ ಮಣೆ ಮುಂದೆ ಕೂರಲೇ ಒಪ್ಪದವನಿಗೆ ಚೆಕ್‌ಮೇಟ್ ಕೊಡಲು ಆಗುವುದಿಲ್ಲ ಅಂದ. ಇಬ್ಬರೂ ಜಾಣರು, ಇಬ್ಬರೂ ಮರ್ಯಾದೆಯಿಂದ ಮಾತಾಡಿದರು, ಯಾರೂ ತಲೆ ತಗ್ಗಿಸಲಿಲ್ಲ. ನಿಮ್ಮ ಪಡಸಾಲೆಗೂ ಅಂಥ ಮಾತು ಬರಲಿ ಅನ್ನುವುದು ನನ್ನ ಆಸೆ.

ಇನ್ನು ಉಯ್ಯಾಲೆ. ಮಾವನನ್ನು ಅದರ ಮೇಲೆ ಕೂರಿಸಿ, ನೀವು ಅದನ್ನು ಮರೆತೇಬಿಟ್ಟಿರಿ! ನಿಮ್ಮ ವಾದದ ಜೀವ ಅಲ್ಲೇ ನೇತಾಡುತ್ತಿದೆ. ಗೋಡೆ ಮೇಲೆ ತಾತನ ಫೋಟೋ ಇದೆ ಅಂತಲೂ ಬರೆದಿದ್ದೀರಿ. ತಾತನಿಂದ ಮಾವ ಹುಟ್ಟಿದರು. ತಾತ ಈಗ ಇಲ್ಲ, ಮಾವ ಅಡಿಕೆ ಹಾಕುತ್ತಾ ಆರಾಮಾಗಿದ್ದಾರೆ. ಕಾರಣ ಹೋದರೂ ಕಾರ್ಯ ಉಳಿದಿದೆ. ಇಂಥ ಸಾಲು ಹಿಂದಕ್ಕೆ ಎಷ್ಟು ದೂರ ಬೇಕಾದರೂ ಹೋಗಬಹುದು. ಉಯ್ಯಾಲೆಯ ಸರಪಳಿ ಹಾಗಲ್ಲ. ಈ ಕೊಂಡಿ ಮೇಲಿನ ಕೊಂಡಿಗೆ ಜೋತುಬಿದ್ದಿದೆ, ಅದು ಅದರ ಮೇಲಿನದಕ್ಕೆ. ಈ ಕ್ಷಣದಲ್ಲಿ ತೊಲೆಯ ಕೊಕ್ಕೆ ಕಳಚಿದರೆ ಮಾವ ಈ ಕ್ಷಣದಲ್ಲೇ ನೆಲಕ್ಕೆ. ಕೊಂಡಿಗಳನ್ನು ಸಾವಿರ ಮಾಡಿದರೂ ಕೊಕ್ಕೆಯ ಕೆಲಸ ಅವು ಮಾಡುವುದಿಲ್ಲ.

13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹುಡುಕಿದ್ದು ಈ ಕೊಕ್ಕೆಯನ್ನು, ತಾತನ ತಾತನನ್ನಲ್ಲ. ಜಗತ್ತಿಗೆ ಒಂದು ಶುರು ಇತ್ತು ಅಂತ ಅವನು ನಂಬಿದ್ದ. ಆದರೆ ಅದನ್ನು ಬರೀ ತರ್ಕದಿಂದ ಸಾಧಿಸಲು ಆಗುವುದಿಲ್ಲ ಅಂತ ತಾನೇ ಬರೆದ. ಇದನ್ನು ಮಾವನಿಗೆ ಕೊಡಿ. ಮತ್ತೆ ಅಳಿಯ ಸರಪಳಿ ಹಿಡಿದು ಕೇಳಲಿ: “ಸರಿ ಮಾವ, ಕೊಕ್ಕೆ ಇದೆ. ಆ ಕೊಕ್ಕೆ ನಮ್ಮ ಪ್ರಾರ್ಥನೆ ಕೇಳಿಸಿಕೊಳ್ಳುತ್ತದೆ ಅಂತ ಎಲ್ಲಿಂದ ಬಂತು?” ನನ್ನ ಮಟ್ಟಿಗೆ ಇಡೀ ವಾದದಲ್ಲಿ ಕಷ್ಟದ ಜಾಗ ಇದೇ. ನಾಲ್ಕು ಪುಟ ಉಪದೇಶದ ಬದಲು ಒಂದು ಪುಟ ಇಲ್ಲಿ ಖರ್ಚು ಮಾಡಿ.

ಬಿಗ್ ಬ್ಯಾಂಗ್ ಪ್ಯಾರಾ ತೆಗೆದುಬಿಡಿ. ‘ವಿಜ್ಞಾನವೇ ದೇವರನ್ನು ಒಪ್ಪಿಕೊಂಡಿದೆ’ ಅಂತ ಬರೆದಿದ್ದೀರಿ. ಆ ಸಿದ್ಧಾಂತಕ್ಕೆ 1931ರಲ್ಲಿ ಮೊದಲ ರೂಪ ಕೊಟ್ಟ ಜಾರ್ಜ್ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಅದನ್ನು ಸೃಷ್ಟಿಗೆ ಸಾಕ್ಷಿ ಅನ್ನುವ ಹಾಗೆ ಮಾತಾಡಿದಾಗ ಅವನಿಗೇ ಅದು ಸರಿಬರಲಿಲ್ಲ.

ನನಗೆ ನಿಜವಾಗಿ ಬೇಜಾರಾಗಿದ್ದು ಐದನೇ ಪುಟದ ಒಂದು ಸಾಲಿನಿಂದ: “ನಮ್ಮ ಹಿರಿಯರೆಲ್ಲ ಒಪ್ಪಿದ ಮಾತಿದು, ಪ್ರಶ್ನೆ ಕೇಳೋದು ಈಗಿನವರ ಚಾಳಿ.” ಹಾಗಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ಜೈನ ಮುನಿ ಜಿನಸೇನಾಚಾರ್ಯ ಸಂಸ್ಕೃತದಲ್ಲಿ ಆದಿಪುರಾಣ ಬರೆದ. ಪಂಪ 941ರಲ್ಲಿ ಕನ್ನಡಕ್ಕೆ ತಂದದ್ದು ಅದೇ ಕಥೆಯನ್ನು. ಸಾಮಗ್ರಿಯೇ ಇಲ್ಲದೆ ದೇವರು ಜಗತ್ತನ್ನು ಹೇಗೆ ಮಾಡಿದ, ಮೊದಲು ಸಾಮಗ್ರಿ ಮಾಡಿದ ಅಂದರೆ ಅದನ್ನು ಯಾವುದರಿಂದ ಮಾಡಿದ, ಹೀಗೆ ಕೊನೆಯೇ ಇಲ್ಲವಲ್ಲ ಅಂತ ಜಿನಸೇನ ಕೇಳುತ್ತಾನೆ. ಅಳಿಯನ ಪ್ರಶ್ನೆಗೆ ಸಾವಿರದ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ, ಅದೂ ನಮ್ಮ ನೆಲದಲ್ಲೇ.

ಜೈನರು ಬಿಡಿ ಅಂತ ಮಾವ ಅನ್ನಬಹುದು. ಆದರೆ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜಾಚಾರ್ಯರನ್ನು ಬಿಡಲು ಆಗುತ್ತದಾ? ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಅವರೇ ಈ ಕುಂಬಾರನ ವಾದವನ್ನು ಬಿಚ್ಚಿ ಬಿಸಾಡುತ್ತಾರೆ. ಜಗತ್ತನ್ನೆಲ್ಲ ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದ ಅಂತ ಬರೀ ತರ್ಕದಿಂದ ಸಿಗುವುದಿಲ್ಲ, ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಮಾಡಿರಬಾರದೇಕೆ ಅನ್ನುತ್ತಾರೆ. ಅವರ ಪ್ರಕಾರ ದೇವರನ್ನು ತಿಳಿಯಲು ಶಾಸ್ತ್ರವೇ ದಾರಿ. ಅಷ್ಟು ದೊಡ್ಡ ಭಕ್ತರು ಈ ತರ್ಕಕ್ಕೆ ಒರಗಲಿಲ್ಲ. ಇದನ್ನು ಅಳಿಯ ಹೇಳಬೇಕಾಗಿಲ್ಲ. ಮಾವನೇ ನೆನಪು ಮಾಡಿಕೊಂಡು, ತಮ್ಮ ವಿರುದ್ಧವೇ ಹೇಳಿಕೊಂಡರೆ ನಿಮ್ಮ ಬರಹ ಎಷ್ಟು ಎತ್ತರಕ್ಕೆ ಹೋಗುತ್ತದೆ ಯೋಚಿಸಿ.

ನಿಮಗೆ ಬರೆಯಲು ಬರುತ್ತದೆ. ಎರಡನೇ ಪುಟದಲ್ಲಿ “ಅಡಕತ್ತರಿ ಅರ್ಧ ತೆರೆದು ಹಾಗೇ ನಿಂತಿತು” ಅಂತ ಒಂದು ವಾಕ್ಯ ಇದೆ. ಅದನ್ನು ಓದಿ ನಾನೂ ನಿಂತೆ. ಆದರೆ ಮರುಕ್ಷಣವೇ ಮಾವ ಬಾಯಿ ತೆರೆದು ಎಲ್ಲ ಹಾಳು ಮಾಡುತ್ತಾರೆ. ಆ ವಾಕ್ಯವನ್ನು ಅಲ್ಲಿಂದ ಎತ್ತಿ, ಅಳಿಯನ ಕೊಕ್ಕೆಯ ಪ್ರಶ್ನೆ ಆದಮೇಲೆ ಇಡಿ. ಸ್ವಲ್ಪ ಹೊತ್ತು ಉಯ್ಯಾಲೆಯ ಕಿರ್‌ಕಿರ್ ಸದ್ದು ಮಾತ್ರ ಕೇಳಲಿ.

ಆಮೇಲೆ ಮಾವ ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತಾಗಬೇಕು. ಎರಡು ತಿಂಗಳು ತೆಗೆದುಕೊಳ್ಳಿ. 1,500 ಪದ ಮೀರದ ಹಾಗೆ ಕಳಿಸಿ, ನಾನೇ ಮೊದಲು ಓದುತ್ತೇನೆ.